ಜೀವರಸಾಯನಶಾಸ್ತ್ರ ಮೈನರ್ ಆದಾಗ



ಕೃಷಿ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮುಖ್ಯ ವಿಷಯದ ಜೊತೆ ಒಂದು ಮೈನರ್ ವಿಷಯವೂ ಇರುತ್ತದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಪಠ್ಯಕ್ರಮದಂತೆ ಇದಕ್ಕೆ ಎಂ.ಎಸ್ಸಿ.ಯಲ್ಲಿ 8 ಕ್ರೆಡಿಟ್, ಪಿಎಚ್.ಡಿ.ಯಲ್ಲಿ 6. ಸಸ್ಯತಳಿ ಅಭಿವೃದ್ಧಿ ಓದುವವರಿಗೆ ಜೀವರಸಾಯನಶಾಸ್ತ್ರ, ಅಣುಜೀವಶಾಸ್ತ್ರಗಳು ನಿಜಕ್ಕೂ ಕೈಹಿಡಿಯುತ್ತವೆ. ರಾಗಿಯ ಬೆಂಕಿ ರೋಗ ತಡೆಯುವ ಸಸಿ ಹುಡುಕಲು, ನಿರೋಧಕ ಜೀನಿನ ಡಿಎನ್ಎ ಗುರುತು ಗೊತ್ತಿದ್ದರೆ, ತೆನೆ ಬರುವವರೆಗೆ ಕಾಯಬೇಕಿಲ್ಲ. ಎಳೆಯ ಎಲೆಯೇ ಸಾಕು. ಎಲೆ ಅರೆದು, ಬಿಸಿ ಸಿಟಿಎಬಿ ದ್ರಾವಣದಲ್ಲಿಟ್ಟು, ಕ್ಲೋರೋಫಾರ್ಮ್ ಬೆರೆಸಿ ಪ್ರೋಟೀನು ತೆಗೆದು, ತಣ್ಣನೆಯ ಐಸೊಪ್ರೊಪನಾಲ್ ಹಾಕಿದರೆ ಡಿಎನ್ಎ ಬಿಳಿ ಎಳೆಗಳಾಗಿ ಕಣ್ಣಿಗೇ ಕಾಣುತ್ತದೆ. ಅದರಲ್ಲಿನ ಗುರುತಿನ ಭಾಗವನ್ನು ಪಿಸಿಆರ್‌ನಿಂದ ಹೆಚ್ಚಿಸಿ ಜೆಲ್‌ನಲ್ಲಿ ಓಡಿಸಿದರೆ ಯಾವ ಸಸಿ ಉಳಿಸಬೇಕೆಂಬುದು ತಿಳಿಯುತ್ತದೆ. ಇಷ್ಟು ಉಪಯುಕ್ತ ವಿಷಯವನ್ನು ಸುಲಭವಾಗಿ ಅಂಕ ಸಿಗುವ ಬೇರೆ ಕೋರ್ಸಿಗಾಗಿ ಬಿಡುವುದು ದೊಡ್ಡ ನಷ್ಟ. ಸಂಶೋಧನೆಯ ಪ್ರಶ್ನೆ ಯಾವುದೆಂದು ಮೊದಲು ಮಾರ್ಗದರ್ಶಕರೊಡನೆ ಕೂತು ನಿರ್ಧರಿಸಿ, ಅದಕ್ಕೆ ಬೇಕಾದ ಮೈನರ್ ಆರಿಸುವುದು ಸರಿಯಾದ ಕ್ರಮ.

— ಓದುಗರು, ಧಾರವಾಡ