‘ನಷ್ಟರಹಿತ’ವೆಂಬ ಮಾತು

ಈ ವರ್ಷ ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು, ಕಾಂತೀಯ ಅವಾಹಕಗಳಲ್ಲಿ ಗಿರಕಿಯ ಸಾಗಣೆಯು ‘ನಷ್ಟರಹಿತ’ವೆಂದು ಬರೆದನು. ಇಂಗ್ಲಿಷಿನಲ್ಲಿ ಓದಿದ ಪದದ ಯಥಾವತ್ತಾದ ಕನ್ನಡವದು. ನಾವೂ ಮೆಚ್ಚಿ ಸಹಿ ಹಾಕಿದೆವು. ಈಗ ಆ ಸಹಿಯನ್ನು ಹಿಂದೆಗೆದುಕೊಳ್ಳಬೇಕೆಂದು ನಮಗೆ ತೋರುತ್ತದೆ.

ಕೈಯಲ್ಲಿರುವ ಫೋನು ಬೆಚ್ಚಗಾಗುವುದನ್ನು ಎಲ್ಲರೂ ಬಲ್ಲಿರಿ. ಲೋಹದಲ್ಲಿ ಹರಿಯುವ ಎಲೆಕ್ಟ್ರಾನುಗಳು ಕಂಪಿಸುವ ಪರಮಾಣುಗಳಿಂದ ಚದರಿ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತವೆ. ಅವಾಹಕದಲ್ಲಾದರೋ ಎಲೆಕ್ಟ್ರಾನು ಹರಿಯದು. ಆದರೂ ಪ್ರತಿಯೊಂದು ಎಲೆಕ್ಟ್ರಾನಿಗೂ ಗಿರಕಿಯೆಂಬ ಹುಟ್ಟುಗುಣವುಂಟು. (ಹೆಸರು ಕೇಳಿ ಬುಗುರಿಯನ್ನು ಕಲ್ಪಿಸಿಕೊಳ್ಳಬೇಡಿರಿ.) ಕಾಂತೀಯ ವಸ್ತುವಿನಲ್ಲಿ ಒಂದರ ಗಿರಕಿ ಓಲಾಡಿದರೆ ನೆರೆಯದೂ ಓಲಾಡುವುದು, ಆ ಓಲಾಟವು ಅಲೆಯಾಗಿ ಸಾಗುವುದು. ಚಾಳಿನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತವರು ತಾವು ಕದಲದೆ ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವುದಿಲ್ಲವೇ, ಹಾಗೆ. ಇಂಥ ಅಲೆಗಳನ್ನು ಫೆಲಿಕ್ಸ್ ಬ್ಲಾಕ್ ಅವರು 1930ರಲ್ಲಿಯೇ ಪ್ರತಿಪಾದಿಸಿದ್ದರು.

2010ರಲ್ಲಿ ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹಚರರೂ ಯಿಟ್ರಿಯಂ-ಕಬ್ಬಿಣದ ಗಾರ್ನೆಟ್ ಎಂಬ ಅವಾಹಕದ ಮೇಲೆ 1 ಮಿಲಿಮೀಟರು ಅಂತರದಲ್ಲಿ ಎರಡು ಪ್ಲಾಟಿನಂ ಪದರಗಳನ್ನಿಟ್ಟರು. ಒಂದರಲ್ಲಿ ವಿದ್ಯುತ್ತನ್ನು ಹರಿಸಲು, ಇನ್ನೊಂದರಲ್ಲಿ ವೋಲ್ಟೇಜು ಕಾಣಿಸಿಕೊಂಡಿತು. ನಡುವೆ ದಾಟಿದುದು ಎಲೆಕ್ಟ್ರಾನಲ್ಲ, ಅಲೆ! ಪ್ಲಾಟಿನಮ್ಮಿನೊಳಗೆ ಗಿರಕಿಯ ಪ್ರವಾಹವು ಕೆಲವೇ ನ್ಯಾನೋಮೀಟರುಗಳಲ್ಲಿ ಅಳಿದುಹೋಗುವುದನ್ನು ನೆನೆದರೆ ಆ 1 ಮಿಲಿಮೀಟರು ಎಷ್ಟು ದೀರ್ಘವಾದ ದಾರಿಯೆಂಬುದು ತಿಳಿದೀತು.

ಆದರೆ ಕೊಡವು ಕೈಯಿಂದ ಕೈಗೆ ಹೋಗುವಾಗ ನೀರು ತುಳುಕುತ್ತದೆ. 2015ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗನ್ನಿನಲ್ಲಿ ಅದೇ ಗಾರ್ನೆಟ್ಟಿನ ಉಷ್ಣಜನ್ಯವಾದ ಕಿರಿಯ ಅಲೆಗಳನ್ನು ಸಾಮಾನ್ಯ ಉಷ್ಣತೆಯಲ್ಲಿ ಅಳೆದರು. ದೂರ ಹೆಚ್ಚಿದಂತೆ, ಪ್ರತಿ 9.4 ಮೈಕ್ರೋಮೀಟರಿಗೆ ಅವುಗಳ ಬಲವು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತಿತ್ತು. ಸೆಂಡೈಯ ನೀಳ ಅಲೆಯು ಹೆಚ್ಚು ದೂರ ಹೋಯಿತು, ನಿಜ. ಅದೂ ಕ್ಷೀಣಿಸದೆ ಹೋಗಲಿಲ್ಲ. ಇದಲ್ಲದೆ ತುದಿಯ ಪ್ಲಾಟಿನಮ್ಮು ವಿದ್ಯುತ್ತು ಹರಿದಾಗ ಎಂದಿನಂತೆಯೇ ಕಾಯುತ್ತದೆ.

ತಪ್ಪಿದುದು ನಡುದಾರಿಯಲ್ಲಿ ಎಲೆಕ್ಟ್ರಾನುಗಳು ಹರಿಯುವುದರಿಂದಾಗುವ ಶಾಖವೊಂದೇ. ಅದೇನು ಅಲ್ಪವೇ? ‘ಅಲ್ಪನಷ್ಟ’ವೆಂದು ಬರೆದರೆ ಸಂಶೋಧಕರ ಹಿರಿಮೆಗೆ ಕುಂದಿಲ್ಲವೆಂಬುದು ನಮ್ಮ ಮತ. ಗೋಡೆಪತ್ರಿಕೆಯ ಆ ಹಾಳೆಯನ್ನು ಕೆಳಗಿಳಿಸಿ, ನಮ್ಮ ಸಹಿಯ ಪಕ್ಕದಲ್ಲಿಯೇ ಕೆಂಪು ಮಸಿಯಿಂದ ‘ಯಾವ ನಷ್ಟ? ಎಲ್ಲಿ?’ ಎಂದು ಬರೆದು ಮತ್ತೆ ಅಂಟಿಸಿದ್ದೇವೆ.