ಹಳೆಯ ಕಾರು, ಮಾರ್ಚ್ 31 ಮತ್ತು ನಮ್ಮ ರಸೀದಿ ಪುಸ್ತಕ



ತಪಸ್ಸುಕಾಲವೂ ಆರ್ಥಿಕ ವರ್ಷದ ಕೊನೆಯೂ ನಮ್ಮಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಒಂದು ಕಡೆ ದಾನಧರ್ಮದ ಪ್ರಸಂಗ, ಇನ್ನೊಂದು ಕಡೆ ಆಡಿಟರ್ ಫೋನು. ಎರಡೂ ಡಿಕ್ಕಿ ಹೊಡೆದ ಒಂದು ಸಂಗತಿ ನಮ್ಮ ಯುವಜನ ಸಂಘದಲ್ಲಿ ನಡೆಯಿತು. ಹೆಸರು ಬೇಡ, ಪಾಠ ಮಾತ್ರ ಹಂಚಿಕೊಳ್ಳೋಣ.

ಧರ್ಮಪುರಿ ಕಡೆಯ ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ತಾತ ಇದ್ದಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಪೇಟೆಗೆ ಹೋಗಬೇಕು. ಜೊತೆಗೆ ಬರುವ ಅಜ್ಜಿಗೆ ಪಿಂಕ್ ಬಸ್ಸಿನಲ್ಲಿ ಟಿಕೆಟ್ ಇಲ್ಲ, ತಾತನಿಗೆ ಇದೆ. ಟಿಕೆಟ್ ಕಷ್ಟವಲ್ಲ, ಚಿಕಿತ್ಸೆ ಮುಗಿದ ಮೇಲೆ ತಲೆ ಸುತ್ತುತ್ತಿರುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು ಕಷ್ಟ. 'ನಮಗೊಂದು ಕಾರು ಇದ್ದಿದ್ದರೆ' ಎಂದು ನಾವು ಎಷ್ಟು ಸಲ ಅಂದುಕೊಂಡೆವೋ ಲೆಕ್ಕವಿಲ್ಲ.

ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರಿನವರೊಬ್ಬರು ಫೋನ್ ಮಾಡಿದರು. 'ನನ್ನ ಹಳೇ ಕಾರು ಸುಮ್ಮನೆ ನಿಂತಿದೆ. ತಗೊಂಡು ಹೋಗಿ. 31ರ ಒಳಗೆ ಒಂದು 80ಜಿ ರಸೀದಿ ಕೊಡಿ, ಸಾಕು.' ನಮಗೆ ಖುಷಿಯೋ ಖುಷಿ. ವಾಟ್ಸಾಪ್ ಗುಂಪಿನಲ್ಲಿ ಕಾರಿಗೆ ಹೆಸರಿಡುವವರೆಗೂ ಮಾತು ಹೋಯಿತು.

ಆಮೇಲೆ ಕಾನೂನು ಓದಿದೆವು.

ಅವರ ತಲೆಯಲ್ಲಿ ಇದ್ದದ್ದು ಅಮೆರಿಕದ ಪದ್ಧತಿ. ಅಲ್ಲಿ ಡಿಸೆಂಬರ್ 31ರ ಒಳಗೆ ಹಳೆಯ ಕಾರನ್ನು ಧರ್ಮಸಂಸ್ಥೆಗೆ ಕೊಟ್ಟು ತೆರಿಗೆ ಕಡಿಮೆ ಮಾಡಿಕೊಳ್ಳುವುದು ಬಹಳ ಕಾಲದಿಂದ ಇದೆ. ಅಲ್ಲಿಯೂ ಜನ ಕಾರಿನ ಬೆಲೆಯನ್ನು ಬೇಕಾದಂತೆ ಏರಿಸಿ ಬರೆಯತೊಡಗಿದಾಗ, 2005ರಿಂದ ನಿಯಮ ಬಿಗಿಯಾಯಿತು. 500 ಡಾಲರ್‌ಗಿಂತ ಹೆಚ್ಚು ಬೆಲೆ ತೋರಿಸುವವರು, ಸಂಸ್ಥೆ ಆ ಕಾರನ್ನು ಮಾರಿಬಿಟ್ಟರೆ, ಸಾಮಾನ್ಯವಾಗಿ ಮಾರಿ ಬಂದ ಹಣದಷ್ಟಕ್ಕೇ ವಿನಾಯಿತಿ ಕೇಳಬಹುದು.

ನಮ್ಮ ದೇಶದಲ್ಲಿ ವಿಷಯವೇ ಬೇರೆ. 80ಜಿ ಇರುವುದು ಹಣಕ್ಕೆ. ಅಕ್ಕಿ, ಬಟ್ಟೆ, ಕಂಬಳಿ, ಕಾರು, ಇವು ಯಾವುದಕ್ಕೂ ಇಲ್ಲ. ನಗದಾಗಿ ಕೊಟ್ಟರೂ 2,000 ರೂಪಾಯಿ ದಾಟುವಂತಿಲ್ಲ. ಅದರ ಮೇಲಿನದು ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಹೋಗಬೇಕು. ಪಡೆಯುವ ಸಂಸ್ಥೆಗೆ 80ಜಿ ಅನುಮೋದನೆ ಇರಬೇಕು, ಅದು ಕೊನೆಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಪೂಜೆ, ಪ್ರಾರ್ಥನೆಗಾಗಿ ಇರುವ ಧರ್ಮಕೇಂದ್ರಕ್ಕೆ ಸಾಮಾನ್ಯವಾಗಿ ಈ ಅನುಮೋದನೆ ಇರುವುದಿಲ್ಲ. ಇನ್ನೊಂದು ಮಾತು: 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಆಯ್ಕೆ, ಅದರಲ್ಲಿ 80ಜಿ ಇಲ್ಲವೇ ಇಲ್ಲ. ಎಷ್ಟೋ ಜನ ರಸೀದಿಗಾಗಿ ಓಡಾಡುತ್ತಾರೆ, ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದೇ ನೋಡಿರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಅವರು ಸಲೀಸಾಗಿ ಅಂದರು: 'ಹಾಗಾದರೆ ಹಣ ಕೊಟ್ಟಂತೆ ಬರೆದುಬಿಡಿ. ಯಾರು ಕೇಳ್ತಾರೆ?'

ಸತ್ಯ ಹೇಳುತ್ತೇವೆ, ಆ ಸಂಜೆ ನಮ್ಮಲ್ಲೇ ಎರಡು ಪಕ್ಷವಾಯಿತು. 'ಪರಿಚಯದ ಒಂದು ಟ್ರಸ್ಟಿನಿಂದ ರಸೀದಿ ಕೇಳೋಣ, ತಾತನ ಸಂಕಟದ ಮುಂದೆ ಒಂದು ಚೀಟಿ ಯಾವ ದೊಡ್ಡದು?' ಎಂದರು ಕೆಲವರು. ಈ ಮಾತನ್ನು ನಾವು ಸುಲಭವಾಗಿ ತಳ್ಳಿಹಾಕಲಿಲ್ಲ. ಆದರೆ ಪ್ರೇಷಿತರ ಕಾರ್ಯಕಲಾಪಗಳ ಅನನೀಯ ಮತ್ತು ಸಫೈರ ನೆನಪಾದರು. ಅವರು ಹೊಲ ಮಾರಿ ಒಂದು ಪಾಲು ಇಟ್ಟುಕೊಂಡದ್ದು ತಪ್ಪಾಗಿರಲಿಲ್ಲ. ಅದು ಅವರದೇ ಹಣ. ಪಾಲನ್ನು ಕೊಟ್ಟು, ಪೂರ್ತಿ ಕೊಟ್ಟೆವು ಎಂದು ತೋರಿಸಿಕೊಂಡದ್ದು ತಪ್ಪು. ಅಲ್ಲಿ ಕೆಟ್ಟದ್ದು ಹಣವಲ್ಲ, ಲೆಕ್ಕ. ನಾವು ಸುಳ್ಳು ರಸೀದಿ ಕೊಡಿಸಿದ್ದರೆ ಸರ್ಕಾರಕ್ಕೆ ಬರಬೇಕಾದ ತೆರಿಗೆಯಿಂದ ಕದ್ದು ದಾನ ಮಾಡಿದಂತಾಗುತ್ತಿತ್ತು. ತಾತನ ಡಯಾಲಿಸಿಸ್ ನಡೆಯುವ ಸರ್ಕಾರಿ ಆಸ್ಪತ್ರೆ ನಿಂತಿರುವುದೂ ಅದೇ ತೆರಿಗೆಯ ಮೇಲೆ.

ರಸೀದಿಯ ಮಾತು ಬಿಟ್ಟರೂ, ಕಾರು ನಿಜವಾಗಿ ಕಾಣಿಕೆಯೇ? ಅದು 2009ರ ಕರ್ನಾಟಕ ನೋಂದಣಿಯ ಗಾಡಿ. ಹದಿನೈದು ವರ್ಷ ದಾಟಿದ್ದರಿಂದ ಆರ್‌ಸಿ ನವೀಕರಿಸಬೇಕಿತ್ತು. ರಾಜ್ಯ ದಾಟಿ ಬರಲು ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ತಮಿಳುನಾಡಿನ ನೋಂದಣಿ, ಇಲ್ಲಿನ ತೆರಿಗೆ. ಹೆಸರು ಬದಲಿಸಲು ಫಾರಂ 29, 30. 1000 ಸಿಸಿ ಒಳಗಿನ ಕಾರಿಗೆ ಮೂರನೇ ವ್ಯಕ್ತಿ ವಿಮೆಯ ಮೂಲ ದರವೇ, 2022ರಲ್ಲಿ ನಿಗದಿಯಾದಂತೆ, ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ಟೈರು, ಬ್ಯಾಟರಿ, ಪೆಟ್ರೋಲು ಬೇರೆ. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ತೆಗೆದುಕೊಳ್ಳುವಂತೆಯೂ ಇಲ್ಲ.

'ಹೆಸರು ಆಮೇಲೆ ಬದಲಿಸೋಣ' ಎನ್ನುವವರಿಗೆ ಒಂದು ಎಚ್ಚರಿಕೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸೇಲಂ ರಸ್ತೆಯ ತೊಪ್ಪೂರು ಘಾಟಿ ನಮಗೆಲ್ಲ ಗೊತ್ತು. ಅಲ್ಲಿ ಬ್ರೇಕ್ ಹಿಡಿಯದ ಹಳೆಯ ಕಾರಿನಲ್ಲಿ ರೋಗಿಯನ್ನು ಕೂರಿಸಿಕೊಂಡು ಇಳಿಯುವುದನ್ನು ಯೋಚಿಸಿ. ಕುಂಟ ಕುರಿ, ಕುರುಡು ಕುರಿ ತಂದು ಬಲಿಪೀಠದ ಮುಂದೆ ನಿಲ್ಲಿಸಿದವರನ್ನು ಪ್ರವಾದಿ ಮಲಾಕಿ ಗದರಿದ್ದು ಇಂಥದ್ದಕ್ಕೇ.

ಹಾಗಾದರೆ ಹಳೆಯ ಕಾರು ಇರುವವರು ಏನು ಮಾಡಬೇಕು? ಉತ್ತರ ನಮ್ಮ ಊರ ಹಬ್ಬದಲ್ಲೇ ಇದೆ. ಹಬ್ಬದ ದಿನ ಮನೆಯವರು ತಂದ ಕೋಳಿ, ಕುಂಬಳಕಾಯಿ, ಬಾಳೆಗೊನೆಯನ್ನು ಪೂಜೆ ಮುಗಿದ ಮೇಲೆ ಹರಾಜು ಹಾಕುತ್ತೇವೆ. ವಸ್ತು ಬೇಕಾದವರಿಗೆ ಹೋಗುತ್ತದೆ, ಹಣ ಕಾಣಿಕೆಯಾಗುತ್ತದೆ. ಕಾರಿಗೂ ಅಷ್ಟೇ. ನೀವೇ ಮಾರಿ, ಹೆಸರು ಬದಲಿಸಿಕೊಟ್ಟು, ಬಂದ ಹಣವನ್ನು ಬ್ಯಾಂಕಿನ ಮೂಲಕ ಅನುಮೋದನೆ ಇರುವ ಸಂಸ್ಥೆಗೆ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದು, 20 ಶೇಕಡಾ ದರದಲ್ಲಿರುವವರು 60,000 ಕೊಟ್ಟರೆ, ಶೇಕಡಾ 50ರ ಲೆಕ್ಕದಲ್ಲಿ 30,000ಕ್ಕೆ ವಿನಾಯಿತಿ; ಸೆಸ್ ಸೇರಿ ಉಳಿಯುವುದು 6,240 ರೂಪಾಯಿ. ಆದಾಯದ ಹತ್ತನೇ ಒಂದು ಪಾಲಿನ ಮಿತಿಯೂ ಇದೆ. ಅಂದರೆ ನಿಮ್ಮ ಕೈಯಿಂದ 53,760 ಹೋಗುತ್ತದೆ. ದಾನದಿಂದ ಲಾಭವಾಗುವುದಿಲ್ಲ ಗೆಳೆಯರೇ, ಆಗಬಾರದು ಕೂಡ. ವಿಧವೆಯ ಎರಡು ಕಾಸಿಗೆ ಯಾರೂ ರಸೀದಿ ಬರೆಯಲಿಲ್ಲ.

ಕಾರನ್ನೇ ಕೊಡಬೇಕೆನಿಸಿದರೆ, ಅದನ್ನು ಓಡಿಸಬಲ್ಲ, ಚಾಲಕ ಮತ್ತು ಖರ್ಚಿಗೆ ದಾರಿ ಇರುವ ಸಂಸ್ಥೆಗೆ, ಕಾಗದಪತ್ರ ಸರಿಮಾಡಿ, ಒಂದು ವರ್ಷದ ವಿಮೆಯ ಸಮೇತ, ರಸೀದಿ ಕೇಳದೆ ಕೊಡಿ. ಅದು ನಿಜವಾದ ಕಾಣಿಕೆ.

ನಮ್ಮ ಕಥೆಗೆ ಸಿಹಿ ಅಂತ್ಯವಿಲ್ಲ. ಕಾರು ಬರಲಿಲ್ಲ. ಅವರು ಮತ್ತೆ ಫೋನ್ ಮಾಡಿಲ್ಲ. ನಾವೂ ಸ್ವಲ್ಪ ಮೃದುವಾಗಿ ಹೇಳಬಹುದಿತ್ತು. ತಾತನ ಮುಂದೆ ನಿಂತಾಗ ನಮಗೆ ನಾಚಿಕೆಯೇ ಆಯಿತು. ಆದ್ದರಿಂದ ಸಂಘದ ನಲವತ್ತು ಜನ ತಿಂಗಳಿಗೆ ತಲಾ 50 ರೂಪಾಯಿ ಹಾಕುತ್ತಿದ್ದೇವೆ. 2,000 ರೂಪಾಯಿ ಆಗುತ್ತದೆ. ಹೋಗುವಾಗ ಬಸ್ಸು, ಚಿಕಿತ್ಸೆ ಮುಗಿದು ಬರುವಾಗ ಆಟೋ. ಎಲ್ಲ ಸಲಕ್ಕೂ ಸಾಲುವುದಿಲ್ಲ. ಸಾಲದ ದಿನ ನಮ್ಮಲ್ಲೊಬ್ಬರು ಜೊತೆಗೆ ಬಸ್ಸಿನಲ್ಲಿ ಬರುತ್ತೇವೆ.

ಈ 50 ರೂಪಾಯಿಗೆ 80ಜಿ ಇಲ್ಲ. ಸೇರಿಕೊಳ್ಳುವವರು ಭಾನುವಾರ ಪೂಜೆಯ ನಂತರ ಸಿಗಿ.