ಹೆಜ್ಜೆಯ ವಿದ್ಯುತ್ತು: ಎಷ್ಟು, ಯಾವುದಕ್ಕೆ?

ನಡೆಯುವವನ ಪಾದರಕ್ಷೆಯಲ್ಲಿಯೇ ವಿದ್ಯುತ್ತು ಹುಟ್ಟುತ್ತದೆ, ಇನ್ನು ಮೇಲೆ ಮೊಬೈಲ್ ಫೋನಿಗೆ ಬೇರೆ ವಿದ್ಯುತ್ತೇ ಬೇಕಾಗದು ಎಂಬಂಥ ಸುದ್ದಿಗಳು ಆಗಾಗ್ಗೆ ನಮ್ಮ ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಮೊದಲನೆಯ ಮಾತು ನಿಜ, ಎರಡನೆಯದು ನಿಜವಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡುವುದು ವಿಜ್ಞಾನವನ್ನು ಕಲಿಯುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಬೆಣಚುಕಲ್ಲು, ಟೂರ್ಮಲಿನ್ ಮೊದಲಾದ ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ತೋರುವುದನ್ನು 1880ರಲ್ಲಿ ಪ್ಯಾರಿಸ್ ನಗರದಲ್ಲಿ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು ಕಂಡುಹಿಡಿದರು. ಇದಕ್ಕೆ ಪೀಜೋವಿದ್ಯುತ್ತು ಎಂದು ಹೆಸರು. ಒತ್ತುವುದು ಎಂಬ ಅರ್ಥದ ಗ್ರೀಕ್ ಪದವೇ ಇದರ ಮೂಲ. ಗ್ಯಾಸ್ ಒಲೆಯನ್ನು ಹೊತ್ತಿಸುವ ಲೈಟರಿನಲ್ಲಿ ‘ಟಕ್’ ಎಂದು ಕಿಡಿ ಹಾರಿಸುವುದೂ ಇದೇ. ಅಲ್ಲಿ ಪುಟ್ಟ ಸುತ್ತಿಗೆಯ ಒಂದು ಪೆಟ್ಟಿಗೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಆದರೆ ಹರಿಯುವ ಆವೇಶ ಅತ್ಯಲ್ಪ. ವೋಲ್ಟ್ ಹೆಚ್ಚಿದ್ದ ಮಾತ್ರಕ್ಕೆ ಶಕ್ತಿ ಹೆಚ್ಚೆಂದು ತಿಳಿಯಬಾರದು.

ಹರಳು ಮತ್ತು ಪಿಂಗಾಣಿಯಂಥ ವಸ್ತುಗಳು ಬಗ್ಗಿಸಿದರೆ ಒಡೆಯುತ್ತವೆ. 1969ರಲ್ಲಿ ಜಪಾನಿನ ಹೆಯ್ಜಿ ಕವಾಯ್ ಅವರು, ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಎಳೆದು, ಪ್ರಬಲವಾದ ವಿದ್ಯುತ್ ಕ್ಷೇತ್ರಕ್ಕೆ ಒಳಪಡಿಸಿದರೆ ಅದಕ್ಕೂ ಈ ಗುಣ ಬರುವುದೆಂದು ತೋರಿಸಿದರು. ಇದರ ಅಣುಸರಪಣಿಯಲ್ಲಿ ಫ್ಲೋರಿನ್ನಿನ ಕಡೆ ಋಣಾವೇಶವೂ ಹೈಡ್ರೋಜನ್ನಿನ ಕಡೆ ಧನಾವೇಶವೂ ವಾಲಿರುತ್ತವೆ. ಹಾಳೆ ಬಾಗಿದಾಗ ಈ ಆವೇಶಗಳ ಏರ್ಪಾಡು ಕದಲಿ ಹೊರಗಿನ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಬಾಗುವ ಈ ವಸ್ತುವನ್ನು ಪಾದರಕ್ಷೆಯೊಳಗೂ ಬಟ್ಟೆಯೊಳಗೂ ಇಡಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 1998ರಲ್ಲಿ ಪಾದರಕ್ಷೆಯೊಳಗೆ ಇಂಥ ಹಾಳೆಗಳನ್ನಿಟ್ಟು ನಡೆದು ನೋಡಿದಾಗ ಸರಾಸರಿ ದೊರೆತದ್ದು ಒಂದು ಮಿಲಿವಾಟಿಗಿಂತ ತುಸು ಹೆಚ್ಚು. ಹಿಮ್ಮಡಿಯ ಕೆಳಗೆ ಪೀಜೋ ಪಿಂಗಾಣಿಯ ಪಟ್ಟಿಯನ್ನಿಟ್ಟಾಗ, 2001ರ ವರದಿಯಂತೆ, ಸುಮಾರು ಎಂಟು ಮಿಲಿವಾಟ್ ದೊರೆಯಿತು. ಸಾಮಾನ್ಯ ಮೊಬೈಲ್ ಫೋನಿನ ಬ್ಯಾಟರಿಯಲ್ಲಿ 15 ವಾಟ್-ಗಂಟೆಗಳಷ್ಟು ಶಕ್ತಿ ತುಂಬುತ್ತದೆ. 15ನ್ನು 0.008ರಿಂದ ಭಾಗಿಸಿರಿ: 1875 ಗಂಟೆಗಳು! ಅಂದರೆ, ಹಗಲಿರುಳೂ ನಿಲ್ಲದೆ ಎರಡೂವರೆ ತಿಂಗಳು ನಡೆಯಬೇಕು. ಎರಡು ಕಾಲಿಗೂ ತೊಟ್ಟರೆ ಅದರ ಅರ್ಧ.

ಹಾಗಾದರೆ ಇನ್ನೂ ಹೆಚ್ಚು ಶಕ್ತಿಯನ್ನು ಹಿಂಡಬಾರದೇಕೆ ಎಂದು ಕೇಳಬಹುದು. ಶಕ್ತಿಯು ಶೂನ್ಯದಿಂದ ಹುಟ್ಟುವುದಿಲ್ಲ. ಅದು ನಾವು ಉಂಡ ಅನ್ನದಿಂದಲೇ ಬರಬೇಕು. ಕಡಲತೀರದ ಮರಳಿನಲ್ಲಿ ನಡೆದವರಿಗೆ ಪ್ರತಿ ಹೆಜ್ಜೆಯೂ ಎಷ್ಟು ಶ್ರಮವೆಂಬುದು ಗೊತ್ತು. ನಮ್ಮ ಹೆಜ್ಜೆಯಿಂದ ಬಹಳ ಶಕ್ತಿಯನ್ನು ಕಸಿದುಕೊಳ್ಳುವ ಪಾದರಕ್ಷೆಯೂ ಆ ಮರಳಿನಂತೆಯೇ ಆದೀತು.

ಇಷ್ಟರಿಂದ ಈ ಸಂಶೋಧನೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಎಂ.ಐ.ಟಿ.ಯ ಆ ಪಾದರಕ್ಷೆಯು ತಾನು ಪಡೆದ ಅಲ್ಪ ಶಕ್ತಿಯಿಂದಲೇ ಒಂದು ರೇಡಿಯೋ ಪ್ರೇಷಕವನ್ನು ನಡೆಸಿ, ತೊಟ್ಟವನ ಗುರುತಿನ ಸಂಕೇತವನ್ನು ಕಳುಹಿಸಿತು. ಹೃದಯದ ಮಿಡಿತವನ್ನು ಕಾಯುವ ಪೇಸ್‌ಮೇಕರಿಗೆ ಬೇಕಾದುದು ಮಿಲಿವಾಟಿನ ನೂರರಲ್ಲೊಂದು ಪಾಲಿನ ಆಸುಪಾಸು ಮಾತ್ರ. ಆದರೂ ಅದರ ಬ್ಯಾಟರಿ ಕೆಲವು ವರ್ಷಗಳಲ್ಲಿ ಮುಗಿದಾಗ ರೋಗಿಯು ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಗುತ್ತದೆ. 2014ರಲ್ಲಿ ಅಮೆರಿಕದ ಸಂಶೋಧಕರು ಪೀಜೋ ಪಿಂಗಾಣಿಯನ್ನು ಅತಿ ತೆಳುವಾದ ಪಟ್ಟಿಗಳಾಗಿಸಿ, ಬಾಗುವ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿ, ಹಸು, ಕುರಿ ಮತ್ತು ಹಂದಿಗಳ ಹೃದಯಕ್ಕೆ ಅಂಟಿಸಿ ವಿದ್ಯುತ್ತನ್ನು ಪಡೆದರು. ಆ ಪಿಂಗಾಣಿಯಲ್ಲಿ ವಿಷಕರವಾದ ಸೀಸವಿದೆ. ವರ್ಷಗಟ್ಟಲೆ ಬಾಗಿದರೂ ಹರಿಯದ, ದೇಹಕ್ಕೆ ಕೇಡು ಮಾಡದ ಸಾಧನವನ್ನು ರೂಪಿಸುವುದು ಕಠಿಣವಾದ ಕೆಲಸ. ಹಾಗೆಂದೇ ಅದು ಪ್ರತಿಭಾವಂತ ತರುಣರ ಶ್ರಮಕ್ಕೆ ಯೋಗ್ಯವಾದುದು.

ಫೋನಿನ ಸುಳ್ಳು ಆಸೆಯನ್ನು ನಂಬಿ ನಿರಾಶರಾದವರು ನಾಳೆ ಈ ನಿಜವಾದ ಪ್ರಯೋಜನವನ್ನೂ ಅಲ್ಲಗಳೆದಾರು ಎಂಬುದೇ ನಮ್ಮ ಚಿಂತೆ. ಆದುದರಿಂದ ಹೊಸ ಸಾಧನದ ಸುದ್ದಿಯನ್ನು ಓದಿದಾಗ ವಿದ್ಯಾರ್ಥಿಗಳು ‘ಎಷ್ಟು ವಾಟ್? ಎಷ್ಟು ಹೊತ್ತು? ಯಾವ ಕೆಲಸಕ್ಕೆ?’ ಎಂದು ಕೇಳಿ, ಕಾಗದ ಪೆನ್ಸಿಲು ಹಿಡಿದು ತಾವೇ ಲೆಕ್ಕ ಹಾಕಿ ನೋಡಲಿ. ಭಾಗಾಕಾರ ಬಲ್ಲವರಿಗೆ ಇದು ಕಷ್ಟವೇನಲ್ಲ.